ಮೀಡಿಯಂ ವೇವ್ ಮುಷ್ಕರ

“ಮುಂದಿನ ಕೂಟ ನಮ್ಮ ಮನ್ಯಾಗ! ಅವತ್ತು ಸಂಜಿ ಏಳಕ್ಕ, ಫೋನಿಲ್ಲ, ಆಪಿಲ್ಲ, ವೈಫೈ ಇಲ್ಲ, ಬರೇ ಗಾಳಿಯಿಂದ, ಮೀಡಿಯಂ ವೇವಿನ್ಯಾಗ, ನಮ್ಮ ಕಡಿ ಸ್ಟೇಷನ್ನಿನ ಒಂದು ಇಡೀ ಹಾಡು ನಿಮಗೆಲ್ಲಾ ಕೇಳಸ್ತೀನಿ! ಕೇಳಸಲಿಲ್ಲ ಅಂದ್ರ ನನ್ನ ರೇಡಿಯೋನ ನಾನ ಹೆಗಲ ಮ್ಯಾಲೆ ಹೊತ್ತು ಭಂಗಾರದವಗ ಹಾಕಿ ಬರ್ತೀನಿ!”

ಹೀಗೆ ಗುಡುಗಿದವನು ನಾನು, ವಿರುಪಾಕ್ಷಪ್ಪ. ಭಂಗಾರದವ ಎಂದರೆ ಬಂಗಾರದವನಲ್ಲ, ಮರಾಠಿಯವರ ಗುಜರಿಯವ. ಗುಡುಗಿದ ಜಾಗ ಠಾಣೆಯ ಮಾಜಿವಾಡಾದ ಒಂದು ಮುಗಿಲೆತ್ತರದ ಟವರಿನ ಫ್ಲ್ಯಾಟು. ಕೇಳಿಸಿಕೊಂಡವರು ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿಯಿಂದ ಬಂದ ಕನ್ನಡದ ಸಂಸಾರಗಳು. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ, ಉಪ್ಪಿಟ್ಟು ತಿನ್ನುತ್ತೇವೆ, ಕನ್ನಡ ಉಳೀಬೇಕು ಅನ್ನುತ್ತೇವೆ, ಲೋಕಲ್ ರೈಲು ಹಿಡಿದು ಮನೆಗೆ ಹೋಗುತ್ತೇವೆ. ಅವತ್ತು ನನ್ನ ಗುಡುಗಿಗೆ ಉಪ್ಪಿಟ್ಟಿನ ಚಮಚೆಗಳು ಬಾಯಿಯ ಹತ್ತಿರ ಬಂದು ಅಲ್ಲೇ ನಿಂತವು.

ನನ್ನ ದನಿಗೆ ಮೈಕು ಬೇಡ. ಊರಲ್ಲಿದ್ದಾಗ ರೈತರ ಮೋರ್ಚಾ, ಭಾಷೆಯ ಚಳವಳಿ. ಇಲ್ಲಿಗೆ ಬಂದ ಮೇಲೆ ಬೇಲಾಪುರ ರೋಡಿನ ಕಾರ್ಖಾನೆಗಳ ಗೇಟ್ ಸಭೆ, ಧರಣಿ, ಘೇರಾವ್. ಎರಡು ರಾಜ್ಯದ ಪೊಲೀಸರ ಲಾಠಿಯ ರುಚಿ ಕಂಡ ಬೆನ್ನು ನನ್ನದು. ಎಂಥೆಂಥಾ ಮ್ಯಾನೇಜ್‌ಮೆಂಟನ್ನು ಮಂಡಿಯೂರಿಸಿದವನಿಗೆ ಗಾಳಿಯಲ್ಲಿ ಹಾರಾಡುವ ಒಂದು ಹಾಡನ್ನು ಹಿಡಿದು ಕೂರಿಸುವುದು ಏನು ಮಹಾ!

ಇಷ್ಟಕ್ಕೂ ಕಾರಣ ಆ ಮನೆಯ ಯಜಮಾನ ಅಶ್ವತ್ಥನಾರಾಯಣ. ಮೈಸೂರಿನವ, ಫೈನಾನ್ಸ್ ಕಂಪನಿಯಲ್ಲಿ ದೊಡ್ಡ ಕೆಲಸ, ಒಳ್ಳೆಯ ಮನುಷ್ಯ. ಒಳ್ಳೆಯವರ ಮೇಲೆ ಸಿಟ್ಟು ಮಾಡುವುದು ಕಷ್ಟ, ಆದರೂ ನಾನು ಪ್ರಯತ್ನ ಬಿಡುವವನಲ್ಲ. ಅವತ್ತು ಆತ ಟೀಪಾಯಿಯ ಮೇಲೆ ಅಂಗೈಯಷ್ಟು ಒಂದು ಕರಿ ಡಬ್ಬಿ ಇಟ್ಟು, ಫೋನಿನಿಂದ ಅದಕ್ಕೆ ಹಳೇ ಹಾಡು ಬಿಟ್ಟ.

“ರೇಡಿಯೋದ ಸುವರ್ಣಯುಗ ಸಾರ್! ಪೂರ್ತಿ ಆಪ್‌ನಲ್ಲೇ ಇದೆ. ಬೇಜಾರಾದ್ರೆ ಸ್ಕಿಪ್ ಮಾಡ್ಕೊಂಡು ಹೋಗ್ತಾ ಇರ್ಬಹುದು!”

ಸ್ಕಿಪ್! ಆ ಶಬ್ದ ಕೇಳಿ ನನ್ನ ನೆತ್ತಿ ಕಾದ ಹಂಚಾಯಿತು.

ಸುವರ್ಣಯುಗದಲ್ಲಿ ಸ್ಕಿಪ್ ಎಲ್ಲಿತ್ತು ಸ್ವಾಮಿ? ಕಾಯುವುದಿತ್ತು! ಸಂಜೆಯ ಕೋರಿಕೆಯ ಹಾಡುಗಳಿಗಾಗಿ ಮಧ್ಯಾಹ್ನದಿಂದಲೇ ಸೆಲ್ಲುಗಳನ್ನು ಬಿಸಿಲಿಗೆ ಒಣಹಾಕುತ್ತಿದ್ದೆವು, ಹಪ್ಪಳದ ಪಕ್ಕದಲ್ಲಿ. ಸತ್ತ ಸೆಲ್ಲು ಬಿಸಿಲು ಕುಡಿದು ಒಂದೆರಡು ಹಾಡಿನ ಮಟ್ಟಿಗೆ ಎದ್ದು ಕೂರುತ್ತಿತ್ತು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಂದೇ ರೇಡಿಯೋ, ಇಡೀ ಓಣಿಯ ಕಿವಿ. ಹಾಡಿಗಿಂತ ಮುಂಚೆ ಹಾಡು ಬೇಡಿದವರ ಹೆಸರು. ಇಂಥ ಊರಿನ ಇಂಥವರು, ಅವರ ತಂಗಿ, ತಂಗಿಯ ಗೆಳತಿಯರು, ಗೆಳತಿಯರ ಬಂಧು ಬಳಗ! ಹೆಸರು ಓದಿ ಮುಗಿಸುವಷ್ಟರಲ್ಲಿ ಅರ್ಧ ಜಿಲ್ಲೆಯ ಜನಗಣತಿ ಮುಗಿಯುತ್ತಿತ್ತು. ನಮ್ಮೂರ ಹೆಸರು ಬಂತೋ, ಅಂಗಡಿಯವನು ಅವತ್ತು ಬಜಿಯನ್ನು ಪುಕ್ಕಟೆ ಹಂಚುತ್ತಿದ್ದ. ಮೋಡ ಕವಿದರೆ ಹಾಡು ಹೋಗುತ್ತಿತ್ತು. ರೇಡಿಯೋದ ಬಗಲಿಗೆ ಒಂದು ಬಿಗಿದರೆ ವಾಪಸ್ಸು ಬರುತ್ತಿತ್ತು. ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ಲೈಸೆನ್ಸು ಮಾಡಿಸಬೇಕಿತ್ತು. ಮಾಡಿಸಬಾರದು ಎಂದು ನಾನು ತತ್ವದ ಮಾತಾಡಿದೆ, ನಮ್ಮಪ್ಪ ಹೆದರಿಕೆಯಿಂದ ಮಾಡಿಸಿದ. ಹಾಡು ಇಬ್ಬರಿಗೂ ಒಂದೇ ಕೇಳಿಸಿತು!

ಇಷ್ಟನ್ನೂ ಉಪ್ಪಿಟ್ಟು ಆರಿ ಕಲ್ಲಾಗುವವರೆಗೆ ಭಾಷಣ ಮಾಡಿ, ಕೊನೆಗೆ ಆ ಪ್ರತಿಜ್ಞೆ ಒಗೆದೆ. ಚಪ್ಪಾಳೆ ಬಿತ್ತು. ಚಪ್ಪಾಳೆಯ ಹಿಂದಿನಿಂದ ಒಂದು ದನಿಯೂ ಬಂತು.

“ಎಲ್ಲಾರೂ ಕೇಳಿದ್ರಿಲ್ಲ? ಭಂಗಾರದವಗ ಹಾಕತೀನಿ ಅಂದಾರ! ನೀವೆಲ್ಲಾ ಸಾಕ್ಷಿ!”

ನನ್ನ ಹೆಂಡತಿ ಮಹಾದೇವಕ್ಕ. ಅವಳ ಮುಖದಲ್ಲಿ ಅಂಥ ಹುರುಪನ್ನು ನಾನು ಮಗನ ಮದುವೆಯಲ್ಲೂ ಕಂಡಿರಲಿಲ್ಲ.

ಹುರುಪಿಗೆ ಕಾರಣವಿತ್ತು. ಡೊಂಬಿವಲಿಯಲ್ಲಿ ನಮ್ಮದು ಸಣ್ಣ ಫ್ಲ್ಯಾಟು. ಅಡುಗೆಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿ, ಸ್ಟೂಲಿನ ಮೇಲೆ, ನನ್ನ ರೇಡಿಯೋ. ಸೆಲ್ಲಿನ ಮೇಲೆ ನಡೆಯುವಂಥದ್ದು, ಕೋಳಿಗೂಡಿನಷ್ಟು ದೊಡ್ಡದು, ಚರ್ಮದ ಅಂಗಿ ತೊಟ್ಟದ್ದು. ಅದೇ ಮೂಲೆಯಲ್ಲಿ ಮಹಾದೇವಕ್ಕನಿಗೆ ಒಂದು ಮನೆಬಳಕೆಯ ಹಿಟ್ಟಿನ ಗಿರಣಿ ಬೇಕು, ಇಲ್ಲಿಯವರು ಘರಘಂಟಿ ಅನ್ನುತ್ತಾರಲ್ಲ, ಅದು. ಕೆಳಗಿನ ಚಕ್ಕಿಯವನು ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿ ಕೊಡುತ್ತಾನೆ. ಬಡಿಯಲು ಹೋದರೆ ಹಿಟ್ಟು ಅತ್ತ ರೊಟ್ಟಿಯೂ ಆಗುವುದಿಲ್ಲ, ಇತ್ತ ಚಪಾತಿಯೂ ಆಗುವುದಿಲ್ಲ. “ಇದು ರೊಟ್ಟಿ ಅಲ್ರಿ, ಗಡಿ ತಂಟೆ” ಅನ್ನುತ್ತಾಳೆ. ಮೂಲೆ ಒಂದೇ. ರೇಡಿಯೋ ಹೋದರೆ ಗಿರಣಿ ಬರುತ್ತದೆ. ವರ್ಷಗಟ್ಟಲೆ ಜಗಳವಾಡಿ ಅವಳು ಗೆಲ್ಲಲಾಗದ ಮೂಲೆಯನ್ನು ನಾನು ಒಂದೇ ಭಾಷಣದಲ್ಲಿ ಅವಳ ಉಡಿಗೆ ಹಾಕಿದ್ದೆ!

ಮರುದಿನ ಸಂಜೆಯೇ ತಾಲೀಮು. ಹೊತ್ತು ಮುಳುಗಿದ ಮೇಲೆ ಮೀಡಿಯಂ ವೇವು ಊರೂರು ಜಿಗಿದು ಬರುತ್ತದೆ, ಅದು ನನಗೆ ಗೊತ್ತು. ಹೊಸ ಸೆಲ್ಲು ತುಂಬಿದೆ. ತಿರುಗಣಿ ತಿರುವಿದೆ. ಕಿವಿ ಹಚ್ಚಿದೆ.

ಖರ್ರ್ರ್ರ್ರ್!

ಗಿರಣಿ ಬರುವ ಮೊದಲೇ ಗಿರಣಿಯ ಸದ್ದು! ನಾನು ಮರೆತದ್ದೇನೆಂದರೆ, ಸುವರ್ಣಯುಗದಲ್ಲಿ ಮನೆಗೊಂದು ಬಲ್ಬಿತ್ತು, ಅದೂ ಉರಿದರೆ ಉಂಟು. ಈಗ ಒಂದೊಂದು ಗೋಡೆಯ ಹಿಂದೆಯೂ ಒಂದೊಂದು ಯಂತ್ರ, ಒಂದೊಂದಕ್ಕೂ ಒಂದೊಂದು ರಾಗ. ಎಲ್‌ಇಡಿ ದೀಪ ಹಚ್ಚಿದರೆ ಸೊಳ್ಳೆಯ ಹಿಂಡು. ಫ್ರಿಜ್ಜು ಶುರುವಾದರೆ ಗೊರಕೆ. ಚಾರ್ಜರು ಸಿಕ್ಕಿಸಿದರೆ ಹಲ್ಲಿ ಲೊಚಗುಟ್ಟುತ್ತದೆ. ಲಿಫ್ಟು ಏರಿದರೆ ಆನೆಗೆ ಹೊಟ್ಟೆನೋವು! ಸಾಲದ್ದಕ್ಕೆ ಬಾಲ್ಕನಿಯ ಎದುರಿಗೇ ರೈಲ್ವೆ ಲೈನು. ಲೋಕಲ್ ಹಾದುಹೋದರೆ ರೇಡಿಯೋದೊಳಗೆ ಮಹಾಯುದ್ಧ. ಕೆಲವೇ ದಿನಗಳಲ್ಲಿ ನಾನು ಎಷ್ಟು ಪಳಗಿದೆನೆಂದರೆ, ಕಣ್ಣು ಮುಚ್ಚಿಕೊಂಡೇ ಇದು ಸ್ಲೋ, ಇದು ಕಸಾರಾ ಫಾಸ್ಟ್ ಎಂದು ಹೇಳಬಲ್ಲವನಾದೆ.

“ಹಾಡು ಹತ್ತಿತೇನ್ರಿ?” ಎಂದು ಅಡುಗೆಮನೆಯಿಂದ ಮಹಾದೇವಕ್ಕ.

“ಇನ್ನೇನು, ಬರಾಕತ್ತೈತಿ!”

“ಎಲ್ಲಿ ತನಕ ಬಂತು? ಮುಂಬ್ರಾ ಸ್ಟೇಷನ್ ದಾಟೇತೋ ಇಲ್ಲೋ?”

“ಚ್ಯಾಷ್ಟಿ ಸಾಕು!”

“ದಿವಾದಾಗ ನಿಂತಿರಬೇಕು ಬಿಡ್ರಿ. ಅಲ್ಲಿ ಗದ್ದಲ ಭಾಳ.”

ಶತ್ರುಗಳು ಬಹಳಿದ್ದಾಗ ಒಬ್ಬೊಬ್ಬರ ಜೊತೆ ಮಾತುಕತೆ ಮಾಡುತ್ತಾ ಕೂರಬಾರದು, ಸಂಪೂರ್ಣ ಬಂದ್ ಕರೆಯಬೇಕು. ಇದು ನನ್ನ ಅನುಭವ. ಹೋಗಿ ಮನೆಯ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದೆ. ಕತ್ತಲಾಯಿತು. ಒಂದು ಕ್ಷಣ, ಆಹಾ, ಬಾವಿಯ ತಳದಿಂದ ಬಂದ ಹಾಗೆ ಒಂದು ಕನ್ನಡದ ಹೆಣ್ಣು ದನಿ: “ಈಗ ಕೇಳುಗರ...” 

“ಬಾಬಾ! ಮಾಝಾ ಕಾಲ್ ಕಟ್ ಝಾಲಾ!”

ಇದು ರೇಡಿಯೋ ಅಲ್ಲ, ಫೋನಿನ ಮಾತು ಕಡಿದುಹೋಯಿತೆಂದು ಒಳಕೋಣೆಯಿಂದ ಕೂಗಿದ ನನ್ನ ಸೊಸೆ ಸ್ನೇಹಲ್. ಕಲ್ಯಾಣದ ಮರಾಠಿ ಹುಡುಗಿ. ಸಂಜೆಯ ಹೊತ್ತು ಮನೆಯಿಂದಲೇ ಪರದೇಶದ ಕಂಪನಿಯ ಕೆಲಸ ಮಾಡುತ್ತಾಳೆ. ನಮ್ಮ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. “ತಿಕಡೆ ಅಖ್ಖೀ ಅಮೇರಿಕಾ ಥಾಂಬಲೀಯ, ಬಾಬಾ!” ಎಂದಳು. ಅಲ್ಲಿ ಇಡೀ ಅಮೇರಿಕ ನಿಂತುಬಿಟ್ಟಿದೆಯಂತೆ!

“ನಿಲ್ಲಲಿ ಬಿಡವ್ವಾ! ಅಮೇರಿಕಾನ ನಿಲ್ಲಸಬೇಕು ಅಂತ ಎಷ್ಟು ಮೋರ್ಚಾ ತಗದೀವಿ! ಒಂದ ಸ್ವಿಚ್ಚಿನ್ಯಾಗ ಆಗೂ ಕೆಲಸ ಅಂತ ಗೊತ್ತಿರಲಿಲ್ಲ!”

ಸೊಸೆ ನಗಲಿಲ್ಲ. ಮಹಾದೇವಕ್ಕ ಕತ್ತಲಲ್ಲೇ ನಡೆದು ಹೋಗಿ ಸ್ವಿಚ್ಚು ಮೇಲೆತ್ತಿದಳು. ನನ್ನ ಬಂದ್ ವಿಫಲವಾಯಿತು.

ಆದರೆ ಆ ಹೆಣ್ಣು ದನಿ ಕಿವಿಯಲ್ಲಿ ಕೂತುಬಿಟ್ಟಿತ್ತು. ಹಾಡು ಬರುತ್ತಿದೆ, ಗಾಳಿಯಲ್ಲಿದೆ, ಬಾಲ್ಕನಿಯ ಹೊರಗೇ ನಿಂತಿದೆ, ಒಳಗೆ ಬರಲು ದಾರಿ ಬೇಕು! ದಾರಿ ಎಂದರೆ ಏರಿಯಲ್ಲು. ತಾಮ್ರದ ತಂತಿಯ ಒಂದು ಸುರುಳಿ ತಂದೆ. ಟೆರೇಸಿನ ನೀರಿನ ಟಾಕಿಗೆ ಒಂದು ತುದಿ ಬಿಗಿದು, ಮೇಲಿನ ಮನೆಯ ಮುಕ್ತಾಬಾಯಿಯ ಕಿಟಕಿಯ ಮುಂದಿನಿಂದ ಓರೆಯಾಗಿ ಇಳಿಸಿ, ನಮ್ಮ ಬಾಲ್ಕನಿಗೆ ತಂದು, ಇನ್ನೊಂದು ತುದಿಯನ್ನು ರೇಡಿಯೋಗೆ ಸುತ್ತಿದೆ. ಅವತ್ತು ಖರ್ರ್ ಎನ್ನುವುದರ ಒಳಗಿಂದ ತಬಲಾ ಕೇಳಿಸಿತು! ಮರುದಿನ ಕೊಳಲು! ಹೀಗೇ ಹೋದರೆ ಕೂಟದ ದಿನಕ್ಕೆ ಗಾಯಕರೂ ಬಂದು ತಲುಪುತ್ತಾರೆ ಎಂದು ಕುಣಿದಾಡಿದೆ.

ಮೂರನೆಯ ದಿನ ಮತ್ತೆ ಬರೀ ಖರ್ರ್. ಹೊರಗೆ ಬಗ್ಗಿ ನೋಡಿದರೆ, ನನ್ನ ಏರಿಯಲ್ಲಿನ ಮೇಲೆ ಎರಡು ಲಂಗ, ಒಂದು ಟವೆಲು.

ಮುಕ್ತಾಬಾಯಿ ಕಿಟಕಿಯಿಂದ ಮುಖ ಹೊರಹಾಕಿ ಕೈಮುಗಿದಳು. “ಕಾಕಾ, ರಸ್ಸಿ ಏಕದಮ್ ಮಜಬೂತ್! ಸಬ್ ಕೆ ಲಿಯೇ ಬಾಂಧಾ, ಭಗವಾನ್ ಆಪ್ ಕಾ ಭಲಾ ಕರೇ!”

ಎಲ್ಲರ ಬಟ್ಟೆ ಒಣಗಲೆಂದು ನಾನು ಹಗ್ಗ ಕಟ್ಟಿಸಿದ್ದೇನೆ ಎಂದು ಅವಳ ತಿಳುವಳಿಕೆ. ಅಷ್ಟೇ ಅಲ್ಲ, ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ನನ್ನ ಫೋಟೋ ಹಾಕಿ ಧನ್ಯವಾದವನ್ನೂ ಹೇಳಿಬಿಟ್ಟಿದ್ದಳು! ವಾರ ತುಂಬುವುದರೊಳಗೆ ಆ ಮಗ್ಗುಲಿನ ಅಷ್ಟೂ ಮನೆಗಳ ಚಡ್ಡಿ ಬನಿಯನ್ನು ನನ್ನ ಮೀಡಿಯಂ ವೇವಿನ ಮೇಲೆ ತೂಗಾಡತೊಡಗಿದವು. ಹೋಗಿ ಕಿತ್ತೆಸೆಯೋಣ ಎಂದರೆ ಬಾಯಿ ಬರಲಿಲ್ಲ. ಸಾರ್ವಜನಿಕ ಆಸ್ತಿ ಜನರದು ಎಂದು ಗಂಟಲು ಹರಿದುಕೊಂಡವನು ನಾನು. ಈಗ ‘ಇದು ನನ್ನ ಖಾಸಗಿ ತಂತಿ’ ಎಂದು ಯಾವ ಮುಖದಿಂದ ಹೇಳಲಿ? ಕೂಟದ ದಿನ ಮಾತ್ರ ಬಟ್ಟೆ ಹಾಕಬೇಡಿ ಎಂದು ಬಿನ್ನವಿಸಿಕೊಂಡೆ. ಮುಕ್ತಾಬಾಯಿ ಒಪ್ಪಿದಳು.

ಕೂಟದ ದಿನ ಅವಳು ಬಟ್ಟೆ ಹಾಕಲಿಲ್ಲ. ಮಾತಿಗೆ ತಪ್ಪುವ ಹೆಂಗಸಲ್ಲ. ಕೌದಿ ಹಾಕಿದಳು!

ಅಜ್ಜಿಯ ಕಾಲದ ಕೌದಿ, ಆಗಷ್ಟೇ ಒಗೆದು ಹಿಂಡದೆ ತಂದದ್ದು, ಒಂದು ಎಮ್ಮೆಕರುವಿನ ತೂಕ. ನಮ್ಮ ಬಾಲ್ಕನಿಯ ಹತ್ತಿರವೇ ತಂತಿ ಟಣ್ ಎಂದು ಹರಿಯಿತು. ಕೌದಿ ಹಾರಿಕೊಂಡು ಹೋಗಿ ಕೆಳಗಿನ ವಡಾಪಾವ್ ಗಾಡಿಯ ಮೇಲೆ ಬಿತ್ತು. ಗಾಡಿಯವನು ಕೌದಿಯ ಒಳಗಿನಿಂದಲೇ ನಮ್ಮ ಇಡೀ ಸೊಸೈಟಿಯ ವಂಶಾವಳಿ ಹೇಳಿದ. ಸೊಸೈಟಿಯ ಸೆಕ್ರೆಟರಿ ಓಡಿಬಂದು ಟೆರೇಸಿಗೆ 	ಬೀಗ ಜಡಿದ. ಇನ್ನು ಮೇಲೆ ಹೋಗಿ ತಂತಿ ಕಟ್ಟುವ ಹಾಗಿಲ್ಲ. ನನ್ನ ಪಾಲಿಗೆ ಉಳಿದದ್ದು ರೇಡಿಯೋದಿಂದ ಬಂದು ಬಾಲ್ಕನಿಯಲ್ಲಿ ಜೋತುಬಿದ್ದ ನಾಲ್ಕು ಮೊಳದ ತುಂಡು.

ಸಂಜೆಯಾಯಿತು. ರೇಡಿಯೋ ಹಚ್ಚಿಟ್ಟು, ಅದರ ಖರ್ರ್ ಕೇಳುತ್ತ, ತಲೆಯ ಮೇಲೆ ಕೈಹೊತ್ತು ಕೂತೆ. ಮಹಾದೇವಕ್ಕನ ಸಡಗರ ನೋಡಬೇಕಿತ್ತು! ಮೂಲೆಯನ್ನು ಗೇಣು ಹಾಕಿ ಅಳೆದಳು. ಗಿರಣಿ ಕೂತೀತೇ ಎಂದು ಸ್ಟೂಲಿನ ಪಕ್ಕ ತಾನೇ ಕೂತು ನೋಡಿದಳು. ಮಂದಿ ಬರುತ್ತಾರೆಂದು ಬಾಲ್ಕನಿಗೆ ಬಕೆಟ್ಟು ನೀರು ಹೊಡೆದು ತೊಳೆದಳು. ತೊಳೆದ ಮೇಲೆ, ಬರಿಗಾಲಲ್ಲಿ ಅದೇ ಹಸಿ ನೆಲದ ಮೇಲೆ ನಿಂತು, “ಈ ಹಾಳ ತಂತಿ ಸುತ್ತಿ ಇಡತೀನಿ, ಅದನೂ ಭಂಗಾರದವಗ ಹಾಕ್ರಿ” ಎಂದು ತುಂಡನ್ನು ಕೈಯಲ್ಲಿ ಹಿಡಿದಳು.

ರೇಡಿಯೋ ಬಾಯಿಬಿಟ್ಟಿತು. ಖರ್ರ್ ಇಲ್ಲ, ಸೊಳ್ಳೆ ಇಲ್ಲ, ಆನೆ ಇಲ್ಲ. ಎದುರಿಗೆ ಕೂತು ಮಾತಾಡಿದ ಹಾಗೆ, ಹವಾಮಾನ ವರ್ತಮಾನ!

“ಬಿಡಬ್ಯಾಡ!” ಎಂದು ಚೀರಿದೆ.

ಅವಳು ಹೆದರಿ ಬಿಟ್ಟಳು. ಖರ್ರ್!

“ಹಿಡಿ!”

ಹಿಡಿದಳು. ಉತ್ತರ ಒಳನಾಡಿನಲ್ಲಿ ಒಣಹವೆ.

“ಬಿಡು!”

ಖರ್ರ್!

“ಹಿಡಿ! ಹಿಡಿ!”

“ಏನ್ರಿ ಇದು, ಕವಾಯತು ಮಾಡಸಾಕತ್ತೀರೇನು?”

ನಾನೇ ಹೋಗಿ ತಂತಿ ಕಸಿದುಕೊಂಡು ಹಿಡಿದೆ. ಖರ್ರ್ ಇಮ್ಮಡಿಯಾಯಿತು. ಎರಡೂ ಕೈಯಲ್ಲಿ ಹಿಡಿದೆ, ಮುಮ್ಮಡಿಯಾಯಿತು. ಮಹಾದೇವಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಜೀವಮಾನ ಪೂರ್ತಿ ಗದ್ದಲ ಮಾಡಿದ ಕೈ ಅದು. ಅದರಾಗ ಹಾಡು ಹೆಂಗ ಬಂದೀತು?”

ಅಷ್ಟರಲ್ಲಿ ಬೆಲ್ಲು. ಎಲ್ಲರಿಗಿಂತ ಮೊದಲು ಬಂದವರು ಅಶ್ವತ್ಥನಾರಾಯಣ ಮತ್ತು ಆತನ ಹೆಂಡತಿ ರುಕ್ಮಿಣಿ. ವಿಷಯ ತಿಳಿದು ಇಬ್ಬರಿಗೂ ಎಲ್ಲಿಲ್ಲದ ಉತ್ಸಾಹ! ಅಶ್ವತ್ಥನಾರಾಯಣ ಹಿಡಿದರೆ ಸೊಳ್ಳೆ. ರುಕ್ಮಿಣಿ ಹಿಡಿದರೆ ಅರ್ಧ ಹವಾಮಾನ, ಅರ್ಧ ಹಲ್ಲಿ. ಮಹಾದೇವಕ್ಕ ಹಿಡಿದರೆ ಸಾಕ್ಷಾತ್ ಆಕಾಶವಾಣಿ! ಅಶ್ವತ್ಥನಾರಾಯಣ ಅವಳನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ ತೀರ್ಪು ಕೊಟ್ಟ.

“ಅಮ್ಮನವ್ರು ಫುಲ್ ಮೆಟಲ್ ಸಾರ್! ಕೈತುಂಬ ಬಳೆ, ಕತ್ತಲ್ಲಿ ಸರ, ಕಾಲಲ್ಲಿ ಬೆಳ್ಳಿ ಉಂಗುರ, ಅದರ ಕೆಳಗೆ ಒದ್ದೆ ನೆಲ. ಅರ್ತಿಂಗ್ ಬೊಂಬಾಟ್! ಇಂಥಾ ಏರಿಯಲ್ ಅಂಗಡೀಲಿ ಸಿಗಲ್ಲ ಸಾರ್!”

ಮಹಾದೇವಕ್ಕ ಒಮ್ಮೆ ತನ್ನ ಕೈ ನೋಡಿಕೊಂಡಳು, ಒಮ್ಮೆ ರೇಡಿಯೋ ನೋಡಿದಳು, ಒಮ್ಮೆ ಮೂಲೆ ನೋಡಿದಳು. ಅವಳ ಕಣ್ಣಲ್ಲಿ ಏನೋ ಹೊತ್ತಿಕೊಂಡಿತು. ಆ ಬೆಳಕಿನ ಗುರುತು ನನಗಿದೆ. ಇಡೀ ಕಾರ್ಖಾನೆ ನಡೆಯುವುದು ನಮ್ಮ ಕೈಯಿಂದಲೇ ಎಂದು ಮೊದಲ ಸಲ ತಿಳಿದ ಕಾರ್ಮಿಕರ ಕಣ್ಣಲ್ಲಿ ಅದನ್ನು ನಾನೇ ಹಚ್ಚುತ್ತಿದ್ದೆ! ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಏಳು ಹೊಡೆಯುವುದರೊಳಗೆ ಹಾಲ್ ತುಂಬಿತು. ಸೋಫಾದ ಮೇಲೆ, ನೆಲದ ಮೇಲೆ, ದಿವಾನದ ಕೆಳಗೆ ಜನ. ಕೌದಿಯ ತಪ್ಪಿಗಾಗಿ ಮುಕ್ತಾಬಾಯಿ ತನ್ನ ಮನೆಯ ದೀಪ, ಫ್ಯಾನು ಎಲ್ಲ ಆರಿಸಿ ನಮ್ಮಲ್ಲಿಗೇ ಬಂದು ಕೂತಳು. ರವಿವಾರವಾದ್ದರಿಂದ ಅಮೇರಿಕಕ್ಕೂ ರಜೆ. ಸ್ನೇಹಲ್ ತಾನೇ ಹೋಗಿ ಮೇನ್ ಸ್ವಿಚ್ಚು ಇಳಿಸಿದಳು. ಕತ್ತಲು. ಬಾಲ್ಕನಿಯಲ್ಲಿ ಮಹಾದೇವಕ್ಕ ಬಲಗೈ ಮೇಲೆತ್ತಿ ತಂತಿ ಹಿಡಿದು ನಿಂತಳು, ಥೇಟ್ ಮೋರ್ಚಾದ ಮುಂದಾಳು!

ಕಾರ್ಯಕ್ರಮ ಶುರುವಾಯಿತು. ಹೆಸರುಗಳು! ಊರುಗಳು! ಗೆಳೆಯರ ಬಳಗಗಳು! ಕೇಳುತ್ತ ಕೇಳುತ್ತ ಮಂದಿ ಉಸಿರು ಬಿಡುವುದನ್ನೇ ಮರೆತರು. ನಡುವೆ ಒಂದು ಹಳ್ಳಿಯ ಹೆಸರು ಬಂದದ್ದೇ ತಡ, ಕಲ್ಯಾಣದ ಬಟ್ಟೆ ವ್ಯಾಪಾರಿ ಯಂಕಣ್ಣ ಕೂತಲ್ಲಿಂದ ಚಂಗನೆ ಎದ್ದ. “ನಮ್ಮೂರು! ಏ ನಮ್ಮೂರ್ ಲೇ ಅದು! ನಮ್ಮೂರ್ ಹೆಸರು ಹೇಳಿದ್ಲು!” ಎಂದು ಪಕ್ಕದವರ ಹೆಗಲು ಹಿಡಿದು ಜಗ್ಗಾಡಿದ. ಫೋನಿನಲ್ಲಿ ದಿನಕ್ಕೆ ನೂರು ಸಲ ಅದೇ ಊರಿಗೆ ಮಾತಾಡುವ ಮನುಷ್ಯ! ನನಗೆ ಎದೆಯುಬ್ಬಿತು. ಸ್ಕಿಪ್ ಮಾಡ್ರಿ ನೋಡೋಣ ಈಗ, ಎಂದು ಅಶ್ವತ್ಥನಾರಾಯಣನ ಕಡೆ ನೋಡಿದೆ. ಆತನ ಬಾಯಿಯೂ ತೆರೆದೇ ಇತ್ತು. ಹಾಡು ಶುರುವಾಯಿತು. ಪಲ್ಲವಿ ಮುಗಿದು, ಇನ್ನೇನು ಚರಣ...

ಖರ್ರ್ರ್ರ್!

“ಏನಾತು? ಏನಾತು?”

ಮಹಾದೇವಕ್ಕ ತಂತಿ ಬಿಟ್ಟು ಎರಡೂ ಕೈ ಕೊಡವಿಕೊಳ್ಳುತ್ತಿದ್ದಳು. “ಕೈ ಬಿಟ್ಟೆ.”

“ಯಾಕ?”

“ಸಂಪು.”

ಸಂಪು! ನನ್ನ ಮನೆಯಲ್ಲೇ ಮುಷ್ಕರ! ನಾನು ದನಿ ತಗ್ಗಿಸಿದೆ. “ಏ, ಮಂದಿ ಮುಂದ ಏನಿದು? ಮೊದಲು ತಂತಿ ಹಿಡಿ. ನಿನ್ನ ಮಾತು ಆಮ್ಯಾಲೆ ವಿಚಾರ ಮಾಡೂಣು.”

“ಮೊದಲು ಕೆಲಸಕ್ಕ ಹಾಜರಾಗ್ರಿ, ಆಮ್ಯಾಲೆ ವಿಚಾರ ಮಾಡತೀವಿ ಅಂತ ಮಾಲಕರು ಅಂತಾರ, ನಂಬಬ್ಯಾಡ್ರಿ ಅಂತ ಗೇಟಿನ ಮುಂದ ನೀವ ಒದರತಿದ್ರಿ. ನಾ ಬುತ್ತಿ ತಂದಾಗ ಕೇಳೀನಿ.”

“ಬರೋಬ್ಬರಿ ಐತಿ!” ಎಂದ ಯಂಕಣ್ಣ. ಈ ಮನುಷ್ಯನ ಊರಿನ ಹೆಸರು ಕೇಳಿಸಿದ್ದು ನಾನು!

ಮಾಲಕರ ಎರಡನೆಯ ಅಸ್ತ್ರ ಬದಲಿ ಕಾರ್ಮಿಕರು. “ರುಕ್ಮಿಣಿಯವರ, ನೀವು ಸ್ವಲ್ಪ ಹಿಡೀರಿ. ಅರ್ಧ ಬಂದ್ರೂ ನಡೀತೈತಿ” ಎಂದೆ.

“ಅಯ್ಯಪ್ಪ, ಸ್ಟ್ರೈಕ್ ಮಾಡ್ತಿರೋರ ಜಾಗಕ್ಕೆ ನಾನು ಹೋಗಲ್ಲಪ್ಪ!” ಎಂದು ರುಕ್ಮಿಣಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಮೈಸೂರಿನ ಈ ಮೃದು ಹೆಂಗಸಿಗೆ ವರ್ಗಪ್ರಜ್ಞೆ ಎಲ್ಲಿಂದ ಬಂತು!

“ಸರಿ. ಬೇಡಿಕೆ ಏನು?”

“ಒಂದು, ಕುಂಡ್ರಾಕ ಕುರ್ಚಿ.”

“ಆತು.”

“ಎರಡು, ಆ ಮೂಲ್ಯಾಗ ಗಿರಣಿ. ರೇಡಿಯೋ ಭಂಗಾರದವಗ ಹಾಕೂದು ಬ್ಯಾಡ, ಕಪಾಟಿನ ಮ್ಯಾಲೆ ಇರಲಿ. ನಾ ಅಂಥಾ ಕಟುಕಿ ಅಲ್ಲ.”

“ಮೂಲಿ ಬಿಡಾಂಗಿಲ್ಲ!”

“ಮೂರು, ಇಷ್ಟೂ ಮಂದಿಗೆ ಚಹಾ ನೀವು ಮಾಡೂದು. ನಾ ಕುಂತು ಒಂದು ಹಾಡು ಪೂರ್ತಿ ಕೇಳೂದು.”

“ಚಹಾನ? ನಾನ? ಇದು ಬ್ಲ್ಯಾಕ್‌ಮೇಲು!”

ಆಗ ಮುಕ್ತಾಬಾಯಿ ಎದ್ದು ನಿಂತಳು. ಭಾಷೆ ತಿಳಿಯದಿದ್ದರೂ ಸನ್ನಿವೇಶ ಸ್ಪಷ್ಟವಾಗಿತ್ತು. ಮುಷ್ಟಿ ಎತ್ತಿ ಕೂಗಿದಳು, “ಹಮಾರೀ ಮಾಂಗೇ!”

“ಪೂರೀ ಕರೋ!” ಎಂದಿತು ಹಾಲ್. ಎಲ್ಲರಿಗಿಂತ ಜೋರಾಗಿ ನನ್ನ ಸೊಸೆ ಸ್ನೇಹಲ್!

ಈ ಘೋಷಣೆಯನ್ನು ನಾನು ಮಳೆಯಲ್ಲಿ, ಬಿಸಿಲಲ್ಲಿ, ಪೊಲೀಸ್ ವ್ಯಾನಿನಲ್ಲಿ ಕೂಗಿದ್ದೇನೆ. ಎದುರಿಗೆ ನಿಂತು ಕೇಳಿಸಿಕೊಂಡದ್ದು ಇದೇ ಮೊದಲು. ಎದುರಿನಿಂದ ಬಹಳ ಕೆಟ್ಟದಾಗಿ ಕೇಳಿಸುತ್ತದೆ!

ಅಶ್ವತ್ಥನಾರಾಯಣ ಮೆಲ್ಲಗೆ ಜೇಬಿನಿಂದ ಫೋನು ತೆಗೆದ. “ಪ್ರೋಗ್ರಾಮ್ ಮುಗೀತಾ ಬಂತು ಸಾರ್. ಕೊನೇ ಹಾಡು ಇರ್ಬೇಕು. ಬೇಕಾದ್ರೆ ಆಪ್ ಆನ್ ಮಾಡ್ಲಾ?”

ಒಳ್ಳೆಯ ಮನುಷ್ಯ ಎಂದೆನಲ್ಲ, ಅದೇ ತೊಂದರೆ. ಕಣ್ಣ ಮುಂದೆ ಭಂಗಾರದ ಅಂಗಡಿ ಕಂಡಿತು. ತಕ್ಕಡಿಯಲ್ಲಿ ನನ್ನ ರೇಡಿಯೋ ಕಂಡಿತು.

“ಒಪ್ಪಿದೆ! ಎಲ್ಲಾ ಒಪ್ಪಿದೆ! ಕುರ್ಚಿ, ಗಿರಣಿ, ಚಹಾ, ಎಲ್ಲಾ!”

“ಮಂದೀ ಕಡೆ ಮುಖ ಮಾಡಿ ಹೇಳ್ರಿ.”

ಮುಖ ಮಾಡಿ ಹೇಳಿದೆ. “ಮಹಾದೇವಕ್ಕ ಜಿಂದಾಬಾದ್!” ಎಂದರು. ಬಾಲ್ಕನಿಗೆ ಕುರ್ಚಿ ಹೋಯಿತು. ಅವಳು ಕಾಲು ಚಾಚಿ ಬೆರಳುಂಗುರವನ್ನು ಹಸಿ ನೆಲಕ್ಕೆ ಊರಿ, ಪಟ್ಟಕ್ಕೆ ಕೂತ ರಾಣಿಯ ಹಾಗೆ ತಂತಿಯನ್ನು ಕೈಗೆತ್ತಿಕೊಂಡಳು. ಕೊನೆಯ ಹಾಡಿಗೆ ಹೆಸರು ಓದುತ್ತಿದ್ದರು. ನಾನು ಅಡುಗೆಮನೆಯ ಕತ್ತಲಿಗೆ ನಡೆದೆ.

ಗ್ಯಾಸಿನ ಲೈಟರು ಒತ್ತಿದೆ. ಚಟ್! ರೇಡಿಯೋದಲ್ಲಿ ಗುಂಡು ಹಾರಿತು. ಚಟ್ ಚಟ್! “ಏ ಯಾರ್ರಿ ಅದು! ಲೈಟರ್ ಬಿಡ್ರಿ!” ಎಂದು ಹಾಲ್ ಬೈದಿತು. ತಡಕಾಡಿ ದೇವರ ಮುಂದಿನ ಕಡ್ಡಿಪೆಟ್ಟಿಗೆ ತಂದೆ. ಶುಂಠಿ ಕುಟ್ಟಲು ಹೋದೆ. “ಕುಟ್ಟಬ್ಯಾಡ್ರಿ! ಹಾಡು ಹತ್ತೇತಿ!” ಆ ಶುಂಠಿಯನ್ನು ಆಮೇಲೆ ಸದ್ದಿಲ್ಲದೆ ಹೇಗೆ ಜಜ್ಜಿದೆ ಎಂಬುದನ್ನು ಬರೆಯುವುದಿಲ್ಲ. ಆ ಚಹಾ ಕುಡಿದವರೂ ಇದನ್ನು ಓದುವ ಸಂಭವವಿದೆ. ಹಾಲು ಉಕ್ಕಿತು, ಬೆರಳು ಸುಟ್ಟಿತು, ಚಹಾಪುಡಿ ಎಂದು ಹಾಕಲು ಹೋದದ್ದು ಸಾಸಿವೆ, ಪುಣ್ಯಕ್ಕೆ ಮೂಸಿ ನೋಡಿದೆ. ಸಕ್ಕರೆಯೂ ಹೇಗೋ ಸಿಕ್ಕಿತು. ಸೋಸುತ್ತಿರುವಾಗ ಹಾಲ್‌ನಿಂದ ಭೋರ್ ಎಂದು ಚಪ್ಪಾಳೆ!

ಟ್ರೇ ಹಿಡಿದು ಓಡಿಬಂದೆ. ದೀಪ ಹತ್ತಿದವು. ಯಂಕಣ್ಣ ನನ್ನನ್ನು ಟ್ರೇ ಸಮೇತ ತಬ್ಬಿಕೊಂಡ. “ಗೆದ್ರಿ ಕಾಕಾ! ಇಡೀ ಹಾಡು! ಅಡ್ಡಿ ಇಲ್ಲ, ಆತಂಕ ಇಲ್ಲ, ಗಾಳಿಯಿಂದ!” ರೇಡಿಯೋ ಉಳಿಯಿತು! ಪ್ರತಿಜ್ಞೆ ಉಳಿಯಿತು! ಎಲ್ಲರ ಮುಖದಲ್ಲೂ ಏನು ಕಳೆ! ನಾನು ಹಣೆಯ ಬೆವರೊರೆಸಿಕೊಂಡು ಕೇಳಿದೆ.

“ಯಾವ ಹಾಡು?”

ಎಲ್ಲರೂ ನನ್ನ ಮುಖ ನೋಡಿದರು.

“ನೀವು ಕೇಳ್ಲೇ ಇಲ್ವಾ ಸಾರ್?” ಎಂದ ಅಶ್ವತ್ಥನಾರಾಯಣ. “ಯೋಚ್ನೆ ಬೇಡಿ. ಅಡುಗೆಮನೆ ಬಾಗಿಲ ಹತ್ರ, ರೇಡಿಯೋ ಪಕ್ಕ ಕೂತು ಪೂರ್ತಿ ರೆಕಾರ್ಡ್ ಮಾಡಿದೀನಿ. ತಗೊಳ್ಳಿ, ಕೇಳಿ.”

ಫೋನು! ಆ ತಿಂಗಳಿಡೀ ಯಾವುದರ ವಿರುದ್ಧ ಯುದ್ಧ ಹೂಡಿದ್ದೆನೋ ಅದೇ ಫೋನು! ಆದರೆ ಇಡೀ ಡೊಂಬಿವಲಿಯಲ್ಲಿ ನನ್ನ ಹಾಡು ಕೇಳದ ಕನ್ನಡಿಗ ನಾನೊಬ್ಬನೇ. ಮಾನ ನುಂಗಿಕೊಂಡು ಒತ್ತಿದೆ. ಮಂದಿ ಸುತ್ತ ಕೂಡಿದರು.

ಅಬ್ಬಾ! ಹೆಸರುಗಳು ಬಂದವು. ವಾದ್ಯ ಬಂತು. ಪಲ್ಲವಿ ಬಂತು, ಮೊದಲ ಚರಣ ಬಂತು, ನಡುವೆ ತಬಲಾ ಜೊತೆಗೆ ಕೊಳಲು ಬಂತು. ಹಾಡು ಒಮ್ಮೆ ದೂರ ಹೋಗಿ ಮತ್ತೆ ಹತ್ತಿರ ಬಂತು, ಚಹಾದಂಗಡಿಯಲ್ಲಿ ಬರುತ್ತಿತ್ತಲ್ಲ, ಹಾಗೆಯೇ. ನನ್ನ ಮೈಮೇಲೆ ಮುಳ್ಳೆದ್ದವು. ಎರಡನೆಯ ಚರಣ ಶುರುವಾಯಿತು, ಆಹಾ ಎಂದು ಕಣ್ಣು ಮುಚ್ಚಿದೆ. ಆಗ ಆ ಹಾಡಿನ ನೆತ್ತಿಯ ಮೇಲೆ ಕೋಣ ಅರಚಿದಂಥ ಒಂದು ದನಿ:

“ಏ ಮಹಾದೇವೀ! ಸಕ್ಕರಿ ಡಬ್ಬಿ ಎಲ್ಲಿ ಇಟ್ಟೀ?”

“ಶ್ಶ್ಶ್!” ಇದು ಹಾಲ್.

“ಎಡಕ್ಕ, ಅವಲಕ್ಕಿ ಡಬ್ಬಿ ಹಿಂದ!” ಇದು ಅವಳು.

“ಯಾವ ಎಡಕ್ಕ?”

“ನಿಮ್ಮ ಎಡಕ್ಕ!”

“ಸಿಗವಲ್ದು!”

“ಕೆಳಗ ನೋಡ್ರಿ, ಕೆಳಗ!”

“ಹಾಂ, ಸಿಕ್ತು ಸಿಕ್ತು! ಎಷ್ಟು ಚಮಚೆ ಹಾಕಲಿ?”

ಅಷ್ಟರಲ್ಲಿ ಹಾಡು ಮುಗಿದು ಚಪ್ಪಾಳೆ.

ನಾನು ಫೋನು ಇಳಿಸಿದೆ. ಎಲ್ಲರೂ ಬಾಲ್ಕನಿಯ ಕಡೆ ನೋಡುತ್ತಿದ್ದರು. ಮಹಾದೇವಕ್ಕ ಕುರ್ಚಿಯಲ್ಲೇ ಕೂತು, ಒಂದು ಕೈಯಲ್ಲಿ ತಂತಿ, ಇನ್ನೊಂದು ಕೈಯಲ್ಲಿ ನಾನು ಮಾಡಿದ ಚಹಾ ಹಿಡಿದು, ಸೊರ್ ಎಂದು ಒಂದು ಗುಟುಕು ಎಳೆದಳು.

“ಈಗ ತಿಳೀತೇನ್ರಿ, ನಿಮ್ಮ ಸುವರ್ಣಯುಗ ಅಡಗಿಮನ್ಯಾಗ ನನಗ ಹೆಂಗ ಕೇಳಸತಿತ್ತು?”